ಪಟ್ಟಣದ ಕಂದಾಯ: ಹೊರೆಯ ಪಾಲು, ಪಾಲಿನ ಮಿತಿ

ಏಪ್ರಿಲ್ ತಿಂಗಳು ಬಂದಿತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ನಗರಸಭಾ ಕಚೇರಿಗಳಲ್ಲಿ ಜನರ ಓಡಾಟ ಹೆಚ್ಚುತ್ತದೆ. ಹಣಕಾಸು ವರ್ಷದ ಮೊದಲ ತಿಂಗಳಲ್ಲಿಯೇ ಇಡೀ ವರ್ಷದ ಮನೆ ಕಂದಾಯವನ್ನು ಕಟ್ಟಿದವರಿಗೆ ಸೇಕಡಾ 5ರಷ್ಟು ರಿಯಾಯಿತಿ ದೊರೆಯುವುದರಿಂದ, ಮನೆಯೊಡೆಯರೂ ಅಂಗಡಿಯವರೂ ಹಳೆಯ ರಸೀತಿಯನ್ನು ಕೈಯಲ್ಲಿ ಹಿಡಿದು ಬಂದು, ಹೊಸ ಚಲನಿನೊಡನೆ ಅದನ್ನು ಹೋಲಿಸಿ ನೋಡಿ, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚಾಯಿತೆಂದು ಪರಸ್ಪರ ಕೇಳಿಕೊಳ್ಳುವುದು ವಾಡಿಕೆ. ತನ್ನ ಜೇಬಿನಿಂದ ಹೋಗುವ ಹಣದ ವಿಚಾರದಲ್ಲಿ ಮನುಷ್ಯನು ಹೀಗೆ ಎಚ್ಚರದಿಂದಿರುವುದು ಯೋಗ್ಯವೇ ಸರಿ. ಆದರೆ ಅದಕ್ಕಿಂತ ಹಿರಿದಾದ, ಊರಿನ ಸಮಸ್ತರಿಗೂ ಸಂಬಂಧಿಸಿದ ಇನ್ನೊಂದು ಪ್ರಶ್ನೆಯನ್ನು ಆ ಸಾಲಿನಲ್ಲಿ ನಿಂತ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳಬಲ್ಲ ಪಟ್ಟಿಯೊಂದು ಕಚೇರಿಯ ಗೋಡೆಯ ಮೇಲೆ ಇರುವುದಿಲ್ಲ. ಊರಿನಿಂದ ಬರಬೇಕಾದ ಒಟ್ಟು ಕಂದಾಯದಲ್ಲಿ ವಾಸದ ಮನೆಗಳ ಪಾಲೆಷ್ಟು, ಅಂಗಡಿ ಮಳಿಗೆಗಳ ಪಾಲೆಷ್ಟು, ಕೈಗಾರಿಕೆಗಳದೆಷ್ಟು, ಖಾಲಿ ನಿವೇಶನಗಳದೆಷ್ಟು. ಹತ್ತು ವರ್ಷಗಳ ಹಿಂದೆ ಈ ಪಾಲುಗಳು ಹೇಗಿದ್ದವು, ಈಗ ಹೇಗಿವೆ. ಯಾವ ವರ್ಗದ ಮೇಲಿನ ಹೊರೆ ಇಳಿದು ಯಾವ ವರ್ಗದ ಮೇಲೆ ಏರಿತು, ಅದನ್ನು ಏರಿಸಿದವರು ಯಾರು ಎಂಬುದೇ ಆ ಪ್ರಶ್ನೆ.

ಉತ್ಸವಮೂರ್ತಿಯ ಅಡ್ಡೆಯನ್ನು ಹೊತ್ತವರಲ್ಲಿ ಒಬ್ಬನು ತುಸು ಹೆಗಲು ತಗ್ಗಿಸಿದರೂ ಮೂರ್ತಿಯ ಭಾರವೇನೂ ಕಡಮೆಯಾಗುವುದಿಲ್ಲ. ಉಳಿದವರ ಹೆಗಲಿಗೆ ಅದು ತಾನಾಗಿ ಸರಿಯುತ್ತದೆ. ಕಂದಾಯದ ಹೊರೆಯೂ ಹಾಗೆಯೇ ಸರಿಯುವಂಥದು. ಈ ಸರಿದಾಟವು ಪಟ್ಟಣದ ಸಭೆಯಲ್ಲಿ ಚರ್ಚೆಗೆ ಬಂದು, ನಿರ್ಣಯವಾಗಿ, ಜನಕ್ಕೆ ತಿಳಿದು ನಡೆಯಬೇಕೆಂಬುದೂ, ಒಂದೇ ವರ್ಷದಲ್ಲಿ ಅದು ಇಷ್ಟಕ್ಕಿಂತ ಹೆಚ್ಚು ಆಗಕೂಡದೆಂಬ ಮಿತಿಯೊಂದು ಅದಕ್ಕೆ ಇರಬೇಕೆಂಬುದೂ ಈ ಲೇಖನದ ಅಭಿಪ್ರಾಯ.

ಊರಿಗೆ ಉಳಿದ ಆದಾಯ

ಮೊದಲು ಆಸ್ತಿ ತೆರಿಗೆಗೆ ಇಷ್ಟೊಂದು ಮಹತ್ತ್ವ ಏಕೆಂಬುದನ್ನು ತಿಳಿಯಬೇಕು. ಒಂದು ಕಾಲದಲ್ಲಿ ನಮ್ಮ ವ್ಯಾಪಾರದ ಪಟ್ಟಣಗಳಿಗೆ ಆಕ್ಟ್ರಾಯ್ ಎಂಬ ಸುಂಕ ದೊಡ್ಡ ಆಸರೆಯಾಗಿತ್ತು. ಊರ ಗಡಿಯ ನಾಕಾದಲ್ಲಿ ಒಳಬರುವ ಸರಕಿನ ಮೇಲೆ ವಸೂಲಾಗುತ್ತಿದ್ದ ಆ ಸುಂಕವನ್ನು ಕರ್ನಾಟಕವು 1979ರಲ್ಲಿ ರದ್ದುಗೊಳಿಸಿತು. ಗಾಡಿಗಳು ನಾಕಾದ ಮುಂದೆ ಗಂಟೆಗಟ್ಟಲೆ ನಿಲ್ಲುವ ಕಾಟ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಸಂತೆ ಪೇಟೆಗಳ ಏಳಿಗೆಯೊಡನೆ ತಾನೂ ಏರುತ್ತಿದ್ದ ಆದಾಯವೊಂದು ಹೋದ ಮೇಲೆ, ಪಟ್ಟಣವು ತನ್ನದೆಂದು ಹೇಳಿಕೊಳ್ಳಬಹುದಾದ ಮುಖ್ಯ ತೆರಿಗೆ ನೆಲ ಮತ್ತು ಕಟ್ಟಡಗಳ ಮೇಲಿನದೊಂದೇ ಆಗಿ ಉಳಿಯಿತು. ಮಿಕ್ಕದ್ದೆಲ್ಲ ಬಹುಮಟ್ಟಿಗೆ ರಾಜ್ಯ ಸರಕಾರದ ಅನುದಾನ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪಟ್ಟಣದ ಆಡಳಿತವು ಸ್ವಾಯತ್ತವಾಗಿರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು; ಸ್ವಂತ ಆದಾಯವಿಲ್ಲದ ಸ್ವಾಯತ್ತತೆ ಮಾತಿನ ಸ್ವಾಯತ್ತತೆಯಾದೀತೆಂಬುದು ಮುಂದಿನ ಅನುಭವದಿಂದ ತಿಳಿದುಬಂದಿತು. ಹದಿನೈದನೆಯ ಹಣಕಾಸು ಆಯೋಗವಂತೂ, ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರವನ್ನು ಗೊತ್ತುಪಡಿಸಬೇಕು, ವಸೂಲಿಯು ರಾಜ್ಯದ ಉತ್ಪನ್ನದ ಬೆಳವಣಿಗೆಗೆ ಸರಿಸಮನಾಗಿ ಏರುತ್ತಿರಬೇಕು, ಹಾಗಾದಲ್ಲಿ ಮಾತ್ರ ಪಟ್ಟಣಗಳಿಗೆ ಕೇಂದ್ರದ ಅನುದಾನ ಎಂದು ಷರತ್ತು ವಿಧಿಸಿತು. ಆದುದರಿಂದ ಕಂದಾಯ ಏರುವುದು ಖಚಿತ. ಏರುವ ಕಂದಾಯದ ಹಂಚಿಕೆಯ ವಿಷಯದಲ್ಲಿ ಮಾತ್ರ ನಾವು ಇನ್ನೂ ಸಾಕಷ್ಟು ಯೋಚಿಸಿಲ್ಲ.

ಬೆಲೆ ಕಟ್ಟುವ ಕ್ರಮ

1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಮೇರೆಗೆ ಮೊದಲು ಕಂದಾಯಕ್ಕೆ ಆಧಾರವಾಗಿದ್ದುದು ಕಟ್ಟಡದ ವಾರ್ಷಿಕ ಬಾಡಿಗೆ ಮೌಲ್ಯ. ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಂದೀತೆಂದು ಅಂದಾಜು ಮಾಡಿ, ಅದರ ಮೇಲೆ ಇಂತಿಷ್ಟು ಭಾಗ ಎಂದು ತೆರಿಗೆ ಹಾಕುತ್ತಿದ್ದರು. ಕಂದಾಯ ನಿರೀಕ್ಷಕರ ಅಂದಾಜೇ ಇದರಲ್ಲಿ ಮುಖ್ಯವಾಗಿದ್ದುದರಿಂದ ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಬಗೆಯ ಕಂದಾಯ ಬೀಳುವುದೂ ಉಂಟಾಗಿತ್ತು. ಇದರ ಮೇಲೆ, ಬಾಡಿಗೆ ನಿಯಂತ್ರಣದ ಕಾಯಿದೆ ಇರುವ ಕಡೆ ನಿಯಂತ್ರಿತ ಬಾಡಿಗೆಯನ್ನು ಮೀರಿ ಕಟ್ಟಡಕ್ಕೆ ಬೆಲೆ ಕಟ್ಟುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ತೀರ್ಪಿತ್ತಿತು. ದೆಹಲಿಯಲ್ಲಿ ಹುಟ್ಟಿದ ಆ ವ್ಯಾಜ್ಯದ ತತ್ತ್ವವು ದೇಶದ ಅನೇಕ ಪೇಟೆ ಬೀದಿಗಳಿಗೂ ಅನ್ವಯಿಸುವಂಥದಾಗಿತ್ತು. ಹಳೆಯ ಬಾಡಿಗೆಯಲ್ಲಿಯೇ ನಡೆಯುತ್ತಿರುವ ಹಳೆಯ ಮಳಿಗೆಯ ಕಂದಾಯ ಇದ್ದಲ್ಲಿಯೇ ನಿಂತಿತು. ಈಚೆಗೆ ಕಟ್ಟಿದ ಮನೆಯ ಕಂದಾಯ ಇಂದಿನ ಬಾಡಿಗೆಗೆ ಅನುಸಾರವಾಗಿ ಏರಿತು. ಬೇರೊಂದು ಉದ್ದೇಶಕ್ಕಾಗಿ ಆದ ಕಾಯಿದೆಯೊಂದು ಹೀಗೆ ಹಳಬರ ಹೊರೆಯನ್ನು ಹೊಸಬರ ಮೇಲೆ ಸರಿಸಿದುದನ್ನು ಯಾವ ಪುರಸಭೆಯೂ ಬಯಸಿರಲಿಲ್ಲ, ಯಾವ ಸದಸ್ಯನೂ ಅದಕ್ಕಾಗಿ ಕೈಯೆತ್ತಿರಲಿಲ್ಲ.

2002ರಿಂದೀಚೆಗೆ ಈ ಕ್ರಮ ಬದಲಾಯಿತು. ಆಸ್ತಿಯ ಒಡೆಯನೇ ತನ್ನ ನಿವೇಶನದ ಅಳತೆ, ಕಟ್ಟಡದ ವಿಸ್ತಾರ, ಅದರ ವಯಸ್ಸು, ಉಪಯೋಗ ಮುಂತಾದುವನ್ನು ನಮೂನೆಯಲ್ಲಿ ಬರೆದು ತಾನೇ ಲೆಕ್ಕಹಾಕಿ ಕಟ್ಟುವ ಸ್ವಯಂಘೋಷಿತ ಪದ್ಧತಿ ಬಂದಿತು. ಬಾಡಿಗೆಯ ಸ್ಥಾನದಲ್ಲಿ ಬಂಡವಾಳ ಮೌಲ್ಯ ನಿಂತಿತು; ಆ ಮೌಲ್ಯಕ್ಕೆ ಮೂಲವಾದುದು 1957ರ ಮುದ್ರಾಂಕ ಕಾಯಿದೆಯ ಪ್ರಕಾರ ಗೊತ್ತುಪಡಿಸಿದ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರಗಳಿಗೆ ಅನ್ವಯಿಸುವ ಮಾರ್ಗಸೂಚಿ ಬೆಲೆ. ವಾಸದ ಕಟ್ಟಡ, ವಾಣಿಜ್ಯ ಕಟ್ಟಡ, ವಾಸವೂ ಅಲ್ಲದ ವಾಣಿಜ್ಯವೂ ಅಲ್ಲದ ಕಟ್ಟಡ, ಖಾಲಿ ನಿವೇಶನ ಎಂದು ವರ್ಗಗಳನ್ನು ಮಾಡಿ, ಕಾಯಿದೆಯು ಒಂದೊಂದಕ್ಕೂ ಕನಿಷ್ಠ ಗರಿಷ್ಠ ದರಗಳ ಎಲ್ಲೆಯನ್ನು ಹಾಕಿತು. ಆ ಎಲ್ಲೆಯೊಳಗೆ ದರವನ್ನು ಆರಿಸುವ ಅಧಿಕಾರವನ್ನು ಊರಿನ ಸಭೆಗೆ ಬಿಟ್ಟಿತು.

ಈ ಲೆಕ್ಕದ ಕೊನೆಯ ಭಾಗವನ್ನು ರಸೀತಿಯಲ್ಲಿ ನೋಡಬಹುದು. ಆಸ್ತಿ ತೆರಿಗೆ 1000 ರೂಪಾಯಿ ಎಂದಾದರೆ ಅದರ ಮೇಲೆ ಆರೋಗ್ಯ ಉಪಕರ ಸೇಕಡಾ 15ರಂತೆ 150 ರೂಪಾಯಿ, ಗ್ರಂಥಾಲಯ ಉಪಕರ ಸೇಕಡಾ 6ರಂತೆ 60 ರೂಪಾಯಿ, ಭಿಕ್ಷುಕರ ಉಪಕರ ಸೇಕಡಾ 3ರಂತೆ 30 ರೂಪಾಯಿ, ಈ ಮೂರು ಸೇರಿದರೇ ಮೊತ್ತ 1240 ಆಗುತ್ತದೆ. ಉಪಕರಗಳೆಲ್ಲ ಮೂಲ ತೆರಿಗೆಯನ್ನೇ ಹಿಂಬಾಲಿಸುವುದರಿಂದ, ಒಂದು ವರ್ಗದ ತೆರಿಗೆ ಏರಿತೆಂದರೆ ವಾಚನಾಲಯದ ಪುಸ್ತಕದ ಖರ್ಚಿನಲ್ಲಿಯೂ ಆ ವರ್ಗದ ಪಾಲು ಏರಿತೆಂದೇ ಅರ್ಥ.

ಸದ್ದಿಲ್ಲದೆ ಸರಿಯುವ ಪಾಲು

ಹೊರೆಯು ಒಂದು ವರ್ಗದಿಂದ ಇನ್ನೊಂದಕ್ಕೆ ಹೇಗೆ ಸರಿಯುತ್ತದೆಂಬುದನ್ನು ಕಲ್ಪಿತ ಲೆಕ್ಕವೊಂದರಿಂದ ವಿಶದಪಡಿಸಬಹುದು. ಒಂದು ಊರಿನ ಒಟ್ಟು ಕಂದಾಯ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮನೆಗಳಿಂದ 60, ಅಂಗಡಿಗಳಿಂದ 30, ಖಾಲಿ ನಿವೇಶನಗಳಿಂದ 10 ಬರುತ್ತಿದೆ. ಮಾರ್ಗಸೂಚಿ ಬೆಲೆಯ ಪರಿಷ್ಕರಣೆಯಾಗಿ, ವಾಸದ ಬಡಾವಣೆಗಳ ಬೆಲೆಯೂ ನಿವೇಶನಗಳ ಬೆಲೆಯೂ ಒಂದೂವರೆ ಪಟ್ಟು ಏರಿ, ಪೇಟೆ ಬೀದಿಯ ಬೆಲೆ ಇದ್ದಷ್ಟೇ ಉಳಿಯಿತೆನ್ನೋಣ. ದರಗಳಲ್ಲಿ ಒಂದು ಕಾಸಿನ ವ್ಯತ್ಯಾಸವನ್ನೂ ಮಾಡದಿದ್ದರೂ ಈಗ ಮನೆಗಳಿಂದ 90, ನಿವೇಶನಗಳಿಂದ 15, ಅಂಗಡಿಗಳಿಂದ ಮೊದಲಿನ 30, ಒಟ್ಟು 135 ಬರುತ್ತದೆ. ಮನೆಗಳ ಪಾಲು ಸೇಕಡಾ 60ರಿಂದ ಸುಮಾರು 67ಕ್ಕೆ ಏರಿತು; ಅಂಗಡಿಗಳ ಪಾಲು ಸೇಕಡಾ 30ರಿಂದ ಸುಮಾರು 22ಕ್ಕೆ ಇಳಿಯಿತು. ಮನೆಗಳ ಮೇಲೆ ಹೊರೆ ಹೆಚ್ಚಿಸಬೇಕೆಂದು ಯಾರೂ ಹೇಳಲಿಲ್ಲ, ಅಂಗಡಿಗಳಿಗೆ ಹಗುರ ಮಾಡಬೇಕೆಂದೂ ಹೇಳಲಿಲ್ಲ. ಕ್ರಯಪತ್ರದ ಮುದ್ರಾಂಕ ಶುಲ್ಕಕ್ಕಾಗಿ ಬೇರೊಂದು ಇಲಾಖೆ ತಯಾರಿಸಿದ ಬೆಲೆಪಟ್ಟಿ ಆ ಕೆಲಸವನ್ನು ಮಾಡಿಬಿಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಬಹುಕಾಲ ನಮ್ಮ ಪಟ್ಟಣಗಳಲ್ಲಿ 2005-06ನೆಯ ಸಾಲಿನಿಂದ ಮೂರು ವರ್ಷಕ್ಕೊಮ್ಮೆ ಸೇಕಡಾ 15ರಂತೆ ಕಂದಾಯವನ್ನು ಏರಿಸುವ ಕ್ರಮವಿತ್ತು. ಎಲ್ಲ ಆಸ್ತಿಗಳಿಗೂ ಒಂದೇ ಪ್ರಮಾಣದ ಆ ಏರಿಕೆಯಿಂದ ಕೊಡುವ ಹಣ ಹೆಚ್ಚಾಗುತ್ತಿತ್ತೇ ಹೊರತು ವರ್ಗಗಳ ನಡುವಣ ಪಾಲು ಕದಲುತ್ತಿರಲಿಲ್ಲ. ಹಳೆಯ ನ್ಯಾಯವಾಗಲಿ ಹಳೆಯ ಅನ್ಯಾಯವಾಗಲಿ ಇದ್ದಂತೆಯೇ ಮುಂದುವರಿಯುತ್ತಿತ್ತು. ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಯನ್ನೇ ಆಧಾರವಾಗಿ ಹಿಡಿಯುವ ಈಚಿನ ಪದ್ಧತಿಯಲ್ಲಿ ಬೆಲೆಗೂ ಕಂದಾಯಕ್ಕೂ ಇರುವ ಅಂತರ ಕಡಮೆಯಾಗುತ್ತದೆಂಬುದು ನಿಜ; ಆದರೆ ಬೀದಿ ಬೀದಿಗೆ ಬೆಲೆ ಬೇರೆ ಬೇರೆಯಾಗಿ ಏರುವುದರಿಂದ, ಪರಿಷ್ಕರಣೆಯಾದಾಗಲೆಲ್ಲ ಪಾಲುಗಳೂ ಅಲುಗಾಡುತ್ತವೆ. ಐದು ವರ್ಷಗಳ ಬಳಿಕ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ಬೆಲೆಗಳು ಪರಿಷ್ಕೃತವಾದಾಗ, ನೋಂದಣಿಯ ಖರ್ಚು ಎಷ್ಟು ಏರಿತೆಂಬ ವಿಚಾರವಾಗಿ ಎಲ್ಲೆಲ್ಲಿಯೂ ಮಾತು ಕೇಳಿಬಂದಿತು. ಊರ ಕಂದಾಯದ ಪಾಲುಗಳು ಹೇಗೆ ಬದಲಾದುವೆಂಬುದಕ್ಕೆ ಅಷ್ಟು ಗಮನ ಸಲ್ಲಲಿಲ್ಲ.

ನಾಲ್ಕು ಊರು, ನಾಲ್ಕು ಬಗೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರದ ಈ ನಾಲ್ಕು ಊರುಗಳು ಒಂದಕ್ಕೊಂದು ಹತ್ತಿರದಲ್ಲಿದ್ದರೂ ಒಂದರ ಬದುಕು ಇನ್ನೊಂದರದಂತಿಲ್ಲ. ಒಂದೇ ಕಾಯಿದೆ ನಾಲ್ಕು ಕಡೆ ನಾಲ್ಕು ಬಗೆಯ ಫಲವನ್ನು ಕೊಡುವುದನ್ನು ಇಲ್ಲಿ ಕಾಣಬಹುದು.

ಶಿಡ್ಲಘಟ್ಟವು ರೇಷ್ಮೆಯ ಊರು. ಅಲ್ಲಿನ ಗೂಡಿನ ಮಾರುಕಟ್ಟೆ ದೇಶದಲ್ಲಿಯೇ ಹೆಸರಾದುದು. ಮಾರುಕಟ್ಟೆಯಿಂದ ಗೂಡು ಕೊಂಡೊಯ್ಯುವ ರೀಲರುಗಳಲ್ಲಿ ಅನೇಕರಿಗೆ ಮನೆ ಬೇರೆ, ಕಾರ್ಖಾನೆ ಬೇರೆ ಎಂಬ ಭೇದವಿಲ್ಲ. ಬೀದಿಯ ಕಡೆಗೆ ಸಂಸಾರದ ಕೋಣೆ. ಅದರ ಹಿಂದಣ ಅಂಗಳಕ್ಕೆ ತಗಡು ಹೊದಿಸಿದ ಕೊಟ್ಟಿಗೆಯಲ್ಲಿ ಕುದಿನೀರಿನ ಬಾಣಲೆ, ಬೇಯುವ ಗೂಡಿನ ಘಾಟು, ಎಳೆ ಹಿಡಿದು ಚರಕಕ್ಕೆ ಕೊಡುವ ಹೆಂಗಸರ ಕೈಚಳಕ, ಮೂಲೆಯಲ್ಲಿ ಗೋಣಿಚೀಲ ತುಂಬಿದ ಹುಳು. ಕಂದಾಯದ ನಮೂನೆ ಇಂಥ ಕಟ್ಟಡವನ್ನು ಕುರಿತು, ವಾಸಕ್ಕೆ ಎಷ್ಟು ಚದರಡಿ, ಬೇರೆ ಉಪಯೋಗಕ್ಕೆ ಎಷ್ಟು ಚದರಡಿ ಎಂದು ಕೇಳುತ್ತದೆ. ಗೂಡಿನ ಬೆಲೆ ಏರಿದ ತಿಂಗಳು ಚರಕ ನಿಲ್ಲುತ್ತದೆ, ಕೊಟ್ಟಿಗೆಯಲ್ಲಿ ಮಕ್ಕಳು ಮಲಗುತ್ತಾರೆ; ನೂಲಿಗೆ ಬೆಲೆ ಬಂದಾಗ ನಡುಮನೆಯಲ್ಲಿಯೂ ಗೂಡಿನ ಮೂಟೆ ಬಂದು ಕೂರುತ್ತದೆ. ವರ್ಗದ ಗೆರೆಯು ಇಲ್ಲಿ ಒಂದೇ ಸೂರಿನ ಕೆಳಗೆ ಹಾದುಹೋಗಿದೆ. ಎರಡು ವರ್ಗಗಳ ದರಕ್ಕೆ ಅಂತರ ಹೆಚ್ಚಾದಷ್ಟೂ ಆ ಗೆರೆಯನ್ನು ಎಳೆಯುವವನ ಕೈಗೆ ಅಧಿಕಾರ ಹೆಚ್ಚುತ್ತದೆ, ಗೆರೆಯ ಒಳಗೆ ಬದುಕುವವನ ಭಯವೂ ಹೆಚ್ಚುತ್ತದೆ. ಅಂತರವನ್ನು ಮಿತವಾಗಿಡಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಚಿಂತಾಮಣಿಯು ಬಹುಕಾಲದಿಂದ ವರ್ತಕರ ಊರು. ಟೊಮೇಟೊ ತರಕಾರಿಗಳ ಮಂಡಿಯೂ ಸಗಟು ಅಂಗಡಿಗಳೂ ಅದರ ಜೀವಾಳ. ಇಂಥ ಊರಿನಲ್ಲಿ ವಾಣಿಜ್ಯ ವರ್ಗದ ದರವನ್ನು ಏರಿಸುವುದು ಸುಲಭವೆಂದು ತೋರುತ್ತದೆ, ಏಕೆಂದರೆ ಮತಗಳು ಮನೆಗಳಲ್ಲಿವೆ, ಹಣವು ಅಂಗಡಿಗಳಲ್ಲಿದೆ. ಆದರೆ ಅಂಗಡಿಯ ಕಂದಾಯವನ್ನು ಕೊನೆಗೆ ಹೊರುವವನು ಯಾರೆಂದು ವಿಚಾರಿಸಿದರೆ, ಮಾಲೀಕನು ಅದನ್ನು ಬಾಡಿಗೆಗೆ ಸೇರಿಸುವುದೂ, ಬಾಡಿಗೆದಾರನು ಮಾರುವ ಸರಕಿನ ಬೆಲೆಗೆ ಸೇರಿಸುವುದೂ ಲೋಕರೂಢಿ. ದೊಡ್ಡ ಸಗಟು ವರ್ತಕನು ಇದನ್ನು ತಾಳಿಕೊಂಡಾನು. ಹತ್ತಡಿಯ ಮಳಿಗೆಯಲ್ಲಿ ಹೊಲಿಗೆಯಂತ್ರವಿಟ್ಟುಕೊಂಡ ದರ್ಜಿಯೂ ಅದೇ ವರ್ಗಕ್ಕೆ ಸೇರಿದವನೆಂಬುದನ್ನು ಮರೆಯಲಾಗದು.

ಗೌರಿಬಿದನೂರಿನ ಮಾತು ಬೇರೆ. ಆಂಧ್ರದ ಹಿಂದೂಪುರಕ್ಕೆ ನೆರೆಯಾದ, ಉತ್ತರ ಪಿನಾಕಿನಿಯ ದಡದ ಆ ಊರಿನ ಸುತ್ತ ಕೈಗಾರಿಕೆ ಬೆಳೆದಿದೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳಿವೆ. ನಗರಸಭೆಯ ಎಲ್ಲೆಯ ಹೊರಗೆ ನಿಂತ ಕಾರ್ಖಾನೆಯ ಕಂದಾಯ 1993ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ ಗ್ರಾಮ ಪಂಚಾಯಿತಿಗೆ ಸಲ್ಲುತ್ತದೆ. ಅಲ್ಲಿ ದುಡಿಯುವವರು ಮನೆ ಮಾಡಿಕೊಂಡಿರುವುದು, ನೀರು ಬಳಸುವುದು, ಮಕ್ಕಳನ್ನು ಓದಿಸುವುದು ಬಹುಮಟ್ಟಿಗೆ ಪಟ್ಟಣದಲ್ಲಿ. ಒಂದು ಇಡೀ ವರ್ಗವೇ ಲೆಕ್ಕದ ಪುಸ್ತಕದಿಂದ ಹೊರಗಿದ್ದರೆ, ಉಳಿದ ವರ್ಗಗಳ ಪಾಲು ತಾನಾಗಿಯೇ ದೊಡ್ಡದಾಗುತ್ತದೆ. ಪಟ್ಟಣದ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದೂ ಹೀಗೆ ಕಂದಾಯ ಹಂಚಿಕೆಯ ಪ್ರಶ್ನೆಯೇ ಆಗುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಎದ್ದು ಕಾಣುವವು ಎರಡು. ಜಿಲ್ಲಾ ಕೇಂದ್ರವಾದ ಮೇಲೆ ಬಂದ ಸರಕಾರಿ ಕಟ್ಟಡಗಳು ಒಂದು. ಬೆಂಗಳೂರಿನ ಹೆದ್ದಾರಿ ಅಗಲವಾದ ಮೇಲೆ ಊರಿನ ಸುತ್ತ ಎದ್ದ ಬಡಾವಣೆಗಳ ಖಾಲಿ ನಿವೇಶನಗಳು ಮತ್ತೊಂದು. ಕೇಂದ್ರ ಸರಕಾರದ ಆಸ್ತಿಗೆ ಸಂವಿಧಾನದ 285ನೆಯ ಅನುಚ್ಛೇದದ ಮೇರೆಗೆ ತೆರಿಗೆಯಿಲ್ಲ. ದೇವಸ್ಥಾನ, ಮಸೀದಿ, ಚರ್ಚು, ಧರ್ಮಛತ್ರಗಳಿಗೂ ವಿನಾಯಿತಿಯಿದೆ. ಇವೆಲ್ಲ ನ್ಯಾಯವಾದ ವಿನಾಯಿತಿಗಳೇ; ಆದರೂ ಅವುಗಳ ಮುಂದಣ ರಸ್ತೆಯನ್ನು ಗುಡಿಸುವ ಖರ್ಚನ್ನು ಬಿ.ಬಿ. ರಸ್ತೆಯ ಅಂಗಡಿಯವನೂ ಒಳಬೀದಿಯ ಮನೆಯವನೂ ಕೊಡಬೇಕಾಗುತ್ತದೆ. ಖಾಲಿ ನಿವೇಶನಗಳ ಮೇಲಿನ ದರ ಕಟ್ಟಡಗಳ ದರಕ್ಕಿಂತ ಕಡಮೆ. ಬೆಲೆ ಏರಲೆಂದು ಕೊಂಡು ಬಿಟ್ಟ, ಒಡೆಯನು ದೂರದ ಊರಿನಲ್ಲಿರುವ ನಿವೇಶನದ ಕಂದಾಯ ವರ್ಷಗಟ್ಟಲೆ ಬಾಕಿ ನಿಲ್ಲುವುದೂ ಉಂಟು. ಚರಂಡಿ, ದೀಪ, ರಸ್ತೆಗಳು ಆ ನಿವೇಶನದ ಬೆಲೆಯನ್ನು ಏರಿಸುತ್ತವೆ. ಅವುಗಳ ಖರ್ಚನ್ನು ಕೊಡುವವರು ಊರಿನಲ್ಲಿ ವಾಸವಾಗಿರುವವರು. ದರದ ಬದಲಾವಣೆಯಿಲ್ಲದೆಯೇ, ಕೇವಲ ಬಾಕಿಯ ಮೂಲಕವೂ ಹೊರೆ ಸರಿಯುತ್ತದೆಂಬುದಕ್ಕೆ ಇದು ನಿದರ್ಶನ.

ವರ್ಗ ಬೇಕು, ಅದರ ಚಲನೆಗೆ ಮಿತಿ ಬೇಕು

ಇಷ್ಟೆಲ್ಲ ತೊಡಕಿರುವಾಗ ವರ್ಗಗಳೇ ಬೇಡ, ಎಲ್ಲ ಕಟ್ಟಡಗಳಿಗೂ ಒಂದೇ ಅಳತೆಗೋಲು ಇರಲಿ ಎಂದು ಕೆಲವರು ಹೇಳಬಹುದು. ಅದನ್ನು ನಮ್ಮ ನೆರೆಯ ಕೇರಳ ರಾಜ್ಯವು ಒಮ್ಮೆ ಪ್ರಯೋಗಿಸಿ ನೋಡಿತು. 1961ರ ಅಲ್ಲಿನ ಕಟ್ಟಡ ತೆರಿಗೆ ಕಾಯಿದೆಯು ಕಟ್ಟಡ ಎಲ್ಲಿದೆ, ಏತಕ್ಕಾಗಿ ಉಪಯೋಗವಾಗುತ್ತಿದೆ, ಅದರಿಂದ ಬರುವ ವರಮಾನವೇನು ಎಂಬುದೊಂದನ್ನೂ ನೋಡದೆ ನೆಲದ ವಿಸ್ತಾರವೊಂದನ್ನೇ ಆಧಾರವಾಗಿಟ್ಟುಕೊಂಡಿತ್ತು. ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಅದನ್ನು ಅಸಿಂಧುಗೊಳಿಸಿತು. ಅದರ ಹಿಂದಿನ ವರ್ಷವೇ ಅಹಮದಾಬಾದಿನ ಬಟ್ಟೆ ಗಿರಣಿಗಳ ಮೇಲೆ ವಿಸ್ತಾರಕ್ಕೆ ತಕ್ಕಂತೆ ಒಂದೇ ದರ ಹಾಕಿದ್ದನ್ನೂ ಅದು ಒಪ್ಪಿರಲಿಲ್ಲ. ಅಸಮಾನರನ್ನು ಸಮಾನರಂತೆ ಕಾಣುವುದೂ ಅಸಮಾನತೆಯೇ ಎಂಬುದು ಈ ತೀರ್ಪುಗಳ ತಿರುಳು. ಹಾಗೆಯೇ, ಅದೇ ರಾಜ್ಯದ ಕಾಸರಗೋಡಿನ ಕೃಷಿಕರೊಬ್ಬರು ಕೃಷಿ ಆದಾಯ ತೆರಿಗೆಯ ವಿಷಯವಾಗಿ ತಂದ ವ್ಯಾಜ್ಯದಲ್ಲಿ 1962ರಲ್ಲಿ, ತೆರಿಗೆಗಾಗಿ ವರ್ಗ ವಿಂಗಡಿಸುವುದರಲ್ಲಿ ಶಾಸನಸಭೆಗೆ ವಿಶಾಲವಾದ ಅವಕಾಶವಿದೆಯೆಂದೂ ಆ ನ್ಯಾಯಾಲಯ ಹೇಳಿತು. ಆದ್ದರಿಂದ ವರ್ಗವಿರಲೇಬೇಕು. ಆದರೆ ಯಾವ ವರ್ಗವು ಎಷ್ಟು ಹೊರಬೇಕು, ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಆ ಹೊರೆ ಎಷ್ಟು ಬದಲಾಗಬಹುದು ಎಂಬುದು ವಿವೇಕದ ಪ್ರಶ್ನೆ. ಅದನ್ನು ನ್ಯಾಯಾಲಯವು ನಮಗಾಗಿ ಬಿಡಿಸಿಕೊಡುವುದಿಲ್ಲ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಊರುಗಳು ಅಮೆರಿಕದಲ್ಲಿವೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1978ರಲ್ಲಿ ಜನಮತದ ಮೂಲಕ ಆಸ್ತಿಗಳನ್ನು ವರ್ಗವಾಗಿ ವಿಂಗಡಿಸುವ ಅಧಿಕಾರ ಬಂದಿತು. ಅಲ್ಲಿ ಊರಿನ ಒಟ್ಟು ತೆರಿಗೆಯ ಮೊತ್ತ ಮೊದಲು ನಿಶ್ಚಯವಾಗುತ್ತದೆ. ಆಮೇಲೆ ಅದನ್ನು ವರ್ಗಗಳಿಗೆ ಹಂಚುತ್ತಾರೆ. ಒಂದೇ ದರವಿದ್ದಿದ್ದರೆ ವಾಣಿಜ್ಯ, ಕೈಗಾರಿಕೆಗಳ ಪಾಲಿಗೆ ಎಷ್ಟು ಬರುತ್ತಿತ್ತೋ ಅದರ ಒಂದೂವರೆ ಪಟ್ಟನ್ನು ಮೀರಿ ಅವುಗಳ ಮೇಲೆ ಹೇರುವಂತಿಲ್ಲವೆಂ‌ದು ಮಿತಿ ಹಾಕಿದರು. ಮುಂದೆ ಕೆಲವು ಊರುಗಳಿಗೆ ಅದನ್ನು ಒಂದೂಮುಕ್ಕಾಲು ಪಟ್ಟಿನವರೆಗೆ ಸಡಿಲಿಸಿದರು. ಪ್ರತಿವರ್ಷವೂ ದರ ನಿಶ್ಚಯಿಸುವ ಮುನ್ನ ಸಾರ್ವಜನಿಕ ಸಭೆ ಕರೆದು, ಇಷ್ಟು ಸರಿಸಿದರೆ ಮನೆಯವರಿಗೆ ಇಷ್ಟು, ಅಂಗಡಿಯವರಿಗೆ ಇಷ್ಟು ಎಂಬ ಲೆಕ್ಕವನ್ನು ಎದುರಿಗಿಟ್ಟು ತೀರ್ಮಾನಿಸುತ್ತಾರೆ.

ನ್ಯೂಯಾರ್ಕ್ ಹಿಡಿದ ದಾರಿ ಇನ್ನೊಂದು. ಆಸ್ತಿಗಳಿಗೆ ಪೂರ್ಣ ಬೆಲೆಯನ್ನೇ ಕಟ್ಟಬೇಕೆಂದು 1975ರಲ್ಲಿ ಹೆಲರ್‌ಸ್ಟೀನ್ ಪ್ರಕರಣದಲ್ಲಿ ನ್ಯಾಯಾಲಯ ವಿಧಿಸಿದಾಗ, ಸಣ್ಣ ಮನೆಗಳ ಮೇಲೆ ಹೊರೆ ಒಮ್ಮೆಗೇ ಬೀಳುವುದೆಂಬ ಆತಂಕದಿಂದ 1981ರಲ್ಲಿ ಹೊಸ ಶಾಸನವನ್ನು ಮಾಡಿದರು. ನ್ಯೂಯಾರ್ಕ್ ನಗರದಲ್ಲಿ ನಾಲ್ಕು ವರ್ಗಗಳಾದುವು. ಯಾವ ವರ್ಗದ ಪಾಲೂ ಒಂದು ವರ್ಷದಲ್ಲಿ ತನ್ನ ಹಿಂದಿನ ಪಾಲಿಗಿಂತ ಸೇಕಡಾ 5ನ್ನು ಮೀರಿ ಏರಕೂಡದೆಂದು ಗೊತ್ತುಪಡಿಸಿದರು. ನಮ್ಮ ಕಲ್ಪಿತ ಊರಿಗೆ ಈ ನಿಯಮವನ್ನು ಅನ್ವಯಿಸಿದರೆ ಮನೆಗಳ ಪಾಲು ಸೇಕಡಾ 60ರಿಂದ 63ನ್ನು ದಾಟುವಂತಿಲ್ಲ. 135 ರೂಪಾಯಿಯಲ್ಲಿ ಅದು ಸುಮಾರು 85 ಆಯಿತು. 90ಕ್ಕೂ 85ಕ್ಕೂ ನಡುವಣ 5 ರೂಪಾಯಿಯನ್ನು ಅಂಗಡಿ, ನಿವೇಶನಗಳಿಂದ ಪಡೆಯಬೇಕೇ, ಈ ವರ್ಷ ಬಿಟ್ಟುಕೊಡಬೇಕೇ ಎಂಬುದನ್ನು ಊರಿನ ಸಭೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮಿತಿಯ ನಿಜವಾದ ಪ್ರಯೋಜನ ಇದೇ: ಅದು ತೀರ್ಮಾನವನ್ನು ಬೆಲೆಪಟ್ಟಿಯ ಕೈಯಿಂದ ಬಿಡಿಸಿ ಮನುಷ್ಯರ ಕೈಗೆ ಕೊಡುತ್ತದೆ.

ಆದರೆ ನ್ಯೂಯಾರ್ಕಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಮಿತಿಗಳು ವರ್ಷವರ್ಷವೂ ಮುಂದುವರಿದು, ಸಣ್ಣ ಮನೆಗಳು ತಮ್ಮ ಬೆಲೆಗೆ ತಕ್ಕುದಕ್ಕಿಂತ ಬಹಳ ಕಡಮೆ ಹೊರುವಂತೆಯೂ, ದೊಡ್ಡ ವಸತಿ ಕಟ್ಟಡಗಳು ಬಹಳ ಹೆಚ್ಚು ಹೊರುವಂತೆಯೂ ಆಯಿತು. ಆ ಕಟ್ಟಡಗಳ ಬಾಡಿಗೆದಾರರ ಕೈಗೆ ತೆರಿಗೆಯ ಚೀಟಿ ಬರುವುದಿಲ್ಲವಾದುದರಿಂದ ತಾವು ಹೊರುತ್ತಿರುವುದೇ ಅವರಿಗೆ ಗೋಚರವಾಗುವುದಿಲ್ಲ. ಮಿತಿಯು ಹೊರೆಯ ಚಲನೆಯನ್ನು ನಿಧಾನಿಸಬೇಕು. ಅದನ್ನು ಶಾಶ್ವತವಾಗಿ ತಡೆದರೆ ಬಾಡಿಗೆ ನಿಯಂತ್ರಣದ ಕಾಲದಲ್ಲಿ ನಾವು ಕಂಡ ಹಳೆಯ ಅನ್ಯಾಯವೇ ಹೊಸ ರೂಪದಲ್ಲಿ ನೆಲೆಗೊಳ್ಳುತ್ತದೆ.

ಹತ್ತಿರದ ಉದಾಹರಣೆ ಬೇಕಾದರೆ ಗೌರಿಬಿದನೂರಿನಿಂದ ಗಡಿ ದಾಟಿದರೆ ಸಾಕು. ಆಂಧ್ರಪ್ರದೇಶವು 2020ರಲ್ಲಿ ಕಾಯಿದೆಯನ್ನು ತಿದ್ದಿ, ಬಾಡಿಗೆಯನ್ನು ಬಿಟ್ಟು ಬಂಡವಾಳ ಮೌಲ್ಯಕ್ಕೆ ಬಂದಿತು. ವಾಸದ ಆಸ್ತಿಗೆ ಸೇಕಡಾ 0.10ರಿಂದ 0.50, ವಾಸೇತರ ಆಸ್ತಿಗೆ ಸೇಕಡಾ 0.20ರಿಂದ 2 ಎಂದು ಎಲ್ಲೆ ಹಾಕಿ, ಯಾರ ತೆರಿಗೆಯೂ ಹಿಂದಿನದಕ್ಕಿಂತ ಸೇಕಡಾ 15ನ್ನು ಮೀರಿ ಏರಕೂಡದೆಂದು ನಿಯಮಿಸಿತು. ಒಬ್ಬೊಬ್ಬ ತೆರಿಗೆದಾರನ ಚೀಟಿಗೆ ಇದು ಒಳ್ಳೆಯ ರಕ್ಷೆ. ಆದರೆ ವರ್ಗಗಳ ನಡುವಣ ಅಂತರಕ್ಕೆ ಇದರಲ್ಲಿ ಕಡಿವಾಣವಿಲ್ಲ. ಒಂದು ಊರು ಮನೆಗೆ ಕನಿಷ್ಠ ದರವನ್ನೂ ಅಂಗಡಿಗೆ ಗರಿಷ್ಠ ದರವನ್ನೂ ಆರಿಸಿದರೆ ಅಂತರ ಇಪ್ಪತ್ತು ಪಟ್ಟಾದೀತು. ಕರ್ನಾಟಕದ ಕಾಯಿದೆಯಲ್ಲಿಯೂ ಒಂದೊಂದು ವರ್ಗಕ್ಕೆ ಪ್ರತ್ಯೇಕವಾದ ಎಲ್ಲೆಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಇರಬೇಕಾದ ಸಂಬಂಧವನ್ನು ಬಿಗಿಯಾಗಿ ಹೇಳುವ ಮಾತು ಬೇಕಾಗಿದೆ.

ಮಾಡಬೇಕಾದುದು

ಈ ವಿಚಾರಗಳಿಂದ ನಾಲ್ಕು ಕರ್ತವ್ಯಗಳು ಹೊರಡುತ್ತವೆ. ಮೊದಲನೆಯದು ಪಟ್ಟಿ. ಆಸ್ತಿಗಳ ವಿವರವೆಲ್ಲ ಈಗ ಇ-ಆಸ್ತಿ ತಂತ್ರಾಂಶಕ್ಕೆ ಸೇರುತ್ತಿರುವುದರಿಂದ, ವಾಸ, ವಾಣಿಜ್ಯ, ವಾಸೇತರ, ಖಾಲಿ ನಿವೇಶನ ಇವುಗಳ ಸಂಖ್ಯೆ, ಬೇಡಿಕೆ, ವಸೂಲಿ, ಬಾಕಿ ಇವನ್ನು ವರ್ಗವಾರು ತೆಗೆದು ಒಂದು ಹಾಳೆಯಲ್ಲಿ ಅಚ್ಚುಹಾಕುವುದು ದೊಡ್ಡ ಕೆಲಸವಲ್ಲ. ಅಂಕಿ ಅಂಶಗಳಿಲ್ಲದೆ ಯೋಜನೆಯಿಲ್ಲವೆಂದು ಜೀವಮಾನವೆಲ್ಲ ಸಾಧಿಸಿದ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರಕ್ಕೆ ಕೆಲವೇ ಮೈಲಿಗಳ ದೂರದಲ್ಲಿದೆ. ಈ ಪಟ್ಟಿ ಆ ನೆಲಕ್ಕೆ ಹೊಸದೆನಿಸಬಾರದು.

ಎರಡನೆಯದು ಮಿತಿ. ಮಾರ್ಗಸೂಚಿ ಬೆಲೆಯ ಪರಿಷ್ಕರಣೆಯಿಂದ ಯಾವುದೇ ವರ್ಗದ ಪಾಲು ಒಂದು ವರ್ಷದಲ್ಲಿ ಇಷ್ಟಕ್ಕಿಂತ ಹೆಚ್ಚು ಏರುವಂತಾದರೆ, ದರವನ್ನು ಆ ಮಟ್ಟಿಗೆ ಇಳಿಸಿ ಹೊಂದಿಸಬೇಕು. ಮಿತಿಯನ್ನು ದಾಟಲೇಬೇಕಾದರೆ ಕಾರಣಸಹಿತವಾದ ವಿಶೇಷ ನಿರ್ಣಯವಾಗಬೇಕು. ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಗಳು ಊರನ್ನು ನಡೆಸುವ ಕಾಲಗಳು ನಮ್ಮ ಪಟ್ಟಣಗಳಿಗೆ ಹೊಸವಲ್ಲ. ಅಂಥ ಕಾಲದಲ್ಲಿ ಮಿತಿಯನ್ನು ದಾಟುವ ಅಧಿಕಾರ ಯಾರಿಗೂ ಇರಕೂಡದು. ಜೊತೆಗೆ, ಬಡವನ ಸಣ್ಣ ಮನೆಗೂ ಸಣ್ಣ ಮಳಿಗೆಗೂ ಆಂಧ್ರದಂತೆ ಬಿಡಿ ಚೀಟಿಯ ರಕ್ಷೆಯೂ ಇರಲಿ.

ಮೂರನೆಯದು ಅವಧಿ. ಬೆಲೆಗೂ ಪಾಲಿಗೂ ಅಂತರ ಕಂಡಲ್ಲಿ ಅದನ್ನು ಇಂತಿಷ್ಟು ವರ್ಷಗಳಲ್ಲಿ ಮುಚ್ಚುತ್ತೇವೆಂದು ಮೊದಲೇ ಸಾರಬೇಕು. ವರ್ತಕನಾಗಲಿ ಮನೆಯೊಡೆಯನಾಗಲಿ ಏರಿಕೆಗಿಂತ ಹೆಚ್ಚಾಗಿ ಅಂಜುವುದು ಅನಿಶ್ಚಯಕ್ಕೆ. ಮುಂದಿನ ಐದು ವರ್ಷದ ದಾರಿ ಗೊತ್ತಿದ್ದರೆ ಬಾಡಿಗೆಯ ಕರಾರನ್ನೂ ಮನೆಯ ಸಾಲವನ್ನೂ ಅದಕ್ಕೆ ತಕ್ಕಂತೆ ಮಾಡಿಕೊಳ್ಳಬಹುದು.

ನಾಲ್ಕನೆಯದು, ದರ ಏರಿಸುವ ಮೊದಲು ಲೆಕ್ಕಕ್ಕೆ ಬಾರದ ಆಸ್ತಿಗಳನ್ನು ಲೆಕ್ಕಕ್ಕೆ ತರುವುದು. ಖಾತೆಯಿಲ್ಲದ ಕಟ್ಟಡ, ಒಂದಂತಸ್ತೆಂದು ಬರೆಸಿ ಮೂರಂತಸ್ತು ನಿಂತ ಮನೆ, ಮನೆಯೆಂದು ಹೇಳಿ ನಡೆಯುವ ಗೋದಾಮು, ಬಾಕಿ ನಿಂತ ನಿವೇಶನ ಇವುಗಳ ಕಂದಾಯವನ್ನು ಬಿಲ್ ಕಲೆಕ್ಟರು ಪ್ರಾಮಾಣಿಕವಾಗಿ ಕಟ್ಟುವವನಿಂದಲೇ ತುಂಬಿಸಿಕೊಳ್ಳುವಂತಾದರೆ, ಅದು ಹೊರೆಯ ಸರಿದಾಟಗಳಲ್ಲೆಲ್ಲ ಅತ್ಯಂತ ಅನ್ಯಾಯದ್ದು.

ಹೆಚ್ಚಿನ ಕಂದಾಯವನ್ನು ಕೇಳುವ ಅಧಿಕಾರ ನಗರಸಭೆಗೆ ಕಾಯಿದೆಯಿಂದ ಬಂದಿದೆ. ಅದನ್ನು ಜನ ಮನಸಾರೆ ಕೊಡಬೇಕಾದರೆ, ತಮ್ಮ ನೆರೆಯವನೂ ತನ್ನ ಶಕ್ತಿಗೆ ತಕ್ಕಷ್ಟು ಕೊಡುತ್ತಿದ್ದಾನೆಂಬ ನಂಬಿಕೆ ಅವರಲ್ಲಿರಬೇಕು. ಆ ನಂಬಿಕೆ ಭಾಷಣದಿಂದ ಹುಟ್ಟುವುದಿಲ್ಲ, ತೆರೆದಿಟ್ಟ ಲೆಕ್ಕದಿಂದ ಹುಟ್ಟುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಗರಸಭೆಗಳು ಬರಲಿರುವ ಆಯವ್ಯಯದ ಸಭೆಯಲ್ಲಿ ದರದ ಮಾತೆತ್ತುವ ಮುನ್ನ ವರ್ಗವಾರು ಪಾಲಿನ ಪಟ್ಟಿಯನ್ನು ಸದಸ್ಯರ ಮುಂದೆಯೂ ಊರಿನವರ ಮುಂದೆಯೂ ಇಡಲಿ. ಅದನ್ನು ಕೇಳಿ ಪಡೆಯುವುದು ರಸೀತಿ ಹಿಡಿದ ಪ್ರತಿಯೊಬ್ಬನ ಹಕ್ಕೆಂದು ಊರಿನವರೂ ತಿಳಿಯಲಿ.